ಚಿಲ್ಲರೆಯ ಮರ್ಯಾದೆ

ಪತ್ರಿಕೆಯ ಈ ಪುಟದಲ್ಲಿ ಸಾಮಾನ್ಯವಾಗಿ ಕೋಟಿಗಳ ಮಾತು ನಡೆಯುವುದು. ಆಯವ್ಯಯ, ತೆರಿಗೆ, ಸಾಲ, ಯೋಜನೆ ಮುಂತಾದ ಘನ ವಿಷಯಗಳನ್ನು ಕುರಿತು ಬರೆದು ಬರೆದು ನಮ್ಮ ಲೇಖನಿಗೆ ಸೊನ್ನೆಗಳನ್ನು ಸುತ್ತುವುದೇ ಒಂದು ಅಭ್ಯಾಸವಾಗಿಹೋಗಿದೆ. ಹೀಗಿರುವಲ್ಲಿ, ಇಂದು ಕೇವಲ ಎರಡು ರೂಪಾಯಿಗಳ ಸಂಗತಿಗಾಗಿ ಇಷ್ಟೊಂದು ಸ್ಥಳವನ್ನು ವೆಚ್ಚ ಮಾಡುತ್ತಿರುವುದಕ್ಕೆ ವಾಚಕ ಮಹಾಶಯರು ನಮ್ಮನ್ನು ಕ್ಷಮಿಸಬೇಕು. ಆ ಎರಡು ರೂಪಾಯಿ ನಮ್ಮ ಸ್ವಂತ ಋಣವಾಗಿತ್ತು. ಅದನ್ನು ತೀರಿಸುವ ಮುನ್ನ ನಾವು ಸ್ವಲ್ಪ ನಾಚಿಕೊಳ್ಳಬೇಕಾಗಿಯೂ ಬಂದಿತು. ಆದಕಾರಣ ಕಥೆಯನ್ನು ಮುಚ್ಚಿಡದೆ ಹೇಳಿಬಿಡುವುದೇ ಲೇಸು.

ಕಳೆದ ತಿಂಗಳ ಒಂದು ಬೆಳಗ್ಗೆ ನಮ್ಮ ಕಾರ್ಯಾಲಯದ ಲೆಕ್ಕದ ಮೇಜಿನ ಮುಂದೆ ಸಣ್ಣದೊಂದು ವ್ಯಾಜ್ಯ ಹುಟ್ಟಿತು. ಬಸ್ ನಿಲ್ದಾಣದಲ್ಲಿ ನಮ್ಮ ಪತ್ರಿಕೆಯನ್ನು ಮಾರುವ ವೃದ್ಧರೊಬ್ಬರು ವಾರದ ಬಾಬ್ತನ್ನು ಕಟ್ಟಲು ಬಂದಿದ್ದರು. ಪ್ರತಿಯೊಂದಕ್ಕೆ 4 ರೂಪಾಯಿಯಂತೆ 107 ಪ್ರತಿಗಳು. ಒಟ್ಟು 428 ರೂಪಾಯಿ. ಅವರು ಬಟ್ಟೆಯ ಚೀಲವನ್ನು ಬಿಚ್ಚಿ ಮೇಜಿನ ಮೇಲೆ ಸುರಿದುದಾದರೋ 10 ರೂಪಾಯಿಯ 43 ನಾಣ್ಯಗಳು. ನಮ್ಮ ಗುಮಾಸ್ತರು ಅವನ್ನು ಮುಟ್ಟಲಿಲ್ಲ. “ಈ ಬಿಲ್ಲೆ ಯಾರೂ ತೆಗೆದುಕೊಳ್ಳುವುದಿಲ್ಲ ತಾತ, ನೋಟು ತನ್ನಿ” ಎಂದರು. ಮಾತು ಬೆಳೆದು, ಒಳಗಿನ ಕೋಣೆಯಲ್ಲಿದ್ದ ನಮ್ಮ ಕಿವಿಗೂ ಬಿದ್ದಿತು. ನಾವು ಹೊರಗೆ ಬಂದು, ವಿಷಯವೇನೆಂದು ಸರಿಯಾಗಿ ವಿಚಾರಿಸದೆಯೇ, “ಬ್ಯಾಂಕಿಗೆ ಕಟ್ಟಿ ನೋಟು ತಂದುಬಿಡಿ, ಎಲ್ಲರಿಗೂ ಅನುಕೂಲ” ಎಂದು ತೀರ್ಪು ಕೊಟ್ಟೆವು.

ಆ ವೃದ್ಧರು ನಮ್ಮ ಮುಖವನ್ನು ಒಂದು ಕ್ಷಣ ನೋಡಿದರು. “ಬಸ್ಸಿನೋರು ಬ್ಯಾಡ ಅಂತಾರೆ, ಅಂಗಡಿಯೋರು ಬ್ಯಾಡ ಅಂತಾರೆ. ನಡೀತದೆ ಅಂತ ಪೇಪರಲ್ಲಿ ಹಾಕಿದೋರು ನೀವು, ಅದನ್ನ ಕೂಗಿ ಮಾರಿದೋನು ನಾನು. ಈಗ ನೀವೂ ಬ್ಯಾಡ ಅಂದ್ರೆ ಹೆಂಗೆ ಸ್ವಾಮಿ?” ಎಂದರು.

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅವರು ಹೇಳಿದುದು ಹದಿನಾರಾಣೆ ಸತ್ಯವಾಗಿತ್ತು. ಎರಡು ಲೋಹಗಳಿಂದ ಮಾಡಿದ 10 ರೂಪಾಯಿಯ ಈ ನಾಣ್ಯವು 2009ರಲ್ಲಿ ಜನರ ಕೈಗೆ ಬಂದಿತು. 2010ರ ಜುಲೈ ತಿಂಗಳಲ್ಲಿ ರೂಪಾಯಿಗೆ ಹೊಸ ಚಿಹ್ನೆಯನ್ನು ಗೊತ್ತುಮಾಡಿದ ತರುವಾಯ ನಾಣ್ಯದ ಮುದ್ರೆಯೂ ಬದಲಾಯಿತು. ಹಿಂದಿನದರಲ್ಲಿ ಅಂಚಿನ ಕಡೆಗೆ 15 ಗೆರೆಗಳು, ಚಿಹ್ನೆಯಿಲ್ಲ. ಮುಂದಿನದರಲ್ಲಿ 10 ಗೆರೆಗಳು, ಚಿಹ್ನೆಯುಂಟು. ಇಷ್ಟು ಸಾಕಾಯಿತು. ಒಂದು ಅಸಲಿ, ಇನ್ನೊಂದು ನಕಲಿ ಎಂಬ ಗಾಳಿಮಾತು ಊರಿಂದೂರಿಗೆ ಹಬ್ಬಿ, ಕಡೆಗೆ ಎರಡನ್ನೂ ಬೇಡವೆನ್ನುವ ಮಟ್ಟಿಗೆ ಬೆಳೆಯಿತು. 2018ರ ಜನವರಿ 17ರಂದು ರಿಸರ್ವ್ ಬ್ಯಾಂಕಿನವರು ಪ್ರಕಟಣೆಯನ್ನು ಹೊರಡಿಸಿ, ಅದುವರೆಗೆ ಈ ನಾಣ್ಯವನ್ನು 14 ಮಾದರಿಗಳಲ್ಲಿ ಹೊರತಂದಿರುವುದಾಗಿಯೂ ಹದಿನಾಲ್ಕೂ ಚಲಾವಣೆಗೆ ಅರ್ಹವೆಂಬುದಾಗಿಯೂ ಸ್ಪಷ್ಟಪಡಿಸಿದರು. 2011ರ ನಾಣ್ಯ ಕಾಯಿದೆಯ ಮೇರೆಗೆ, ಒಂದು ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ನಾಣ್ಯಗಳಿಂದ ಒಂದು ಸಾವಿರ ರೂಪಾಯಿಗಳವರೆಗೆ ನ್ಯಾಯಸಮ್ಮತವಾಗಿ ಹಣ ಸಲ್ಲಿಸಬಹುದು. 50 ಪೈಸೆಯ ನಾಣ್ಯಗಳಿಂದ 10 ರೂಪಾಯಿಗಳವರೆಗೆ ಸಲ್ಲಿಸಬಹುದು. ಅಂದಮೇಲೆ ಆ 43 ನಾಣ್ಯಗಳು ನಿರ್ವಿವಾದವಾದ ಹಣ. ನಿರಾಕರಿಸಿದ ನಾವೇ ತಪ್ಪಿತಸ್ಥರು.

ಇನ್ನೊಂದು ಮಾತನ್ನೂ ಇಲ್ಲಿ ಗಮನಿಸಬೇಕು. ಈ ನಾಣ್ಯಗಳನ್ನು ಆ ವೃದ್ಧರು ಹುಡುಕಿಕೊಂಡು ಹೋದುದಲ್ಲ. ಅಂಗಡಿಯಲ್ಲಿ ನಡೆಯದ ಬಿಲ್ಲೆಯನ್ನು ಪ್ರಯಾಣಿಕರು ಅವರ ಕೈಗೆ ದಾಟಿಸುತ್ತಿದ್ದರು. ಬೇಡವೆಂದರೆ ಗಿರಾಕಿ ತಪ್ಪುವುದೆಂಬ ಭಯದಿಂದ ಅವರು ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದರು. ಹೀಗೆ ಬಲವುಳ್ಳವರು ಒಲ್ಲದ ನಾಣ್ಯವೆಲ್ಲವೂ ಇಳಿಜಾರಿನಲ್ಲಿ ನೀರು ಹರಿದಂತೆ ಬಡವನ ಚೀಲಕ್ಕೆ ಹರಿದು ಅಲ್ಲಿ ನಿಲ್ಲುವುದು. ಗಾಳಿಮಾತಿಗೆ ದಂಡ ತೆರುವವನು ಅದನ್ನು ಹಬ್ಬಿಸಿದವನಲ್ಲ.

ನಾಣ್ಯಗಳನ್ನು ಎಣಿಸಿಕೊಂಡುದಾಯಿತು. 430 ರೂಪಾಯಿ ಬಂದಿತು. ಹಿಂದಿರುಗಿಸಬೇಕಾದುದು 2 ರೂಪಾಯಿ. ಗುಮಾಸ್ತರ ಪೆಟ್ಟಿಗೆಯಲ್ಲಿ ಚಿಲ್ಲರೆಯಿರಲಿಲ್ಲ. “ನಾಳೆ ನೋಡೋಣ ತಾತ” ಎಂದರು. ವೃದ್ಧರು ಕದಲದೆ, “ಬರ್ಕೊಡಿ” ಎಂದರು.

ಆ ‘ಬರ್ಕೊಡಿ’ ಎಂಬ ಒಂದು ಮಾತೇ ಈ ಲೇಖನಕ್ಕೆ ಕಾರಣವಾಯಿತು. ಬಸ್ಸಿನಲ್ಲಿ ಕಂಡಕ್ಟರು ಟಿಕೇಟಿನ ಬೆನ್ನಿನ ಮೇಲೆ ಬಾಕಿಯನ್ನು ಗೀಚಿಕೊಡುವಂತೆ, ನಾವು ರಸೀದಿಯ ಬೆನ್ನಿನ ಮೇಲೆ ‘2 ರೂ. ಕೊಡತಕ್ಕದ್ದು’ ಎಂದು ಬರೆದು ಸಹಿ ಹಾಕಿಕೊಟ್ಟೆವು. ಅವರು ಅದನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡು ಹೋದರು. ಅಂದಿನ ದಿನವೆಲ್ಲವೂ ಚಿಲ್ಲರೆಯೆಂಬ ಪದಾರ್ಥವನ್ನು ಕುರಿತು ನಮ್ಮ ಮನಸ್ಸು ಆಲೋಚಿಸುತ್ತಲೇ ಇದ್ದಿತು.

ನಮ್ಮ ಭಾಷೆಯಲ್ಲಿ ‘ಚಿಲ್ಲರೆ’ ಎಂದರೆ ಬಿಡಿ ನಾಣ್ಯ. ‘ಚಿಲ್ಲರೆ’ ಎಂದರೆ ಕ್ಷುಲ್ಲಕವಾದುದು ಎಂದೂ ಅರ್ಥ. ಚಿಲ್ಲರೆ ಜಗಳ, ಚಿಲ್ಲರೆ ಬುದ್ಧಿ, ಚಿಲ್ಲರೆ ಜನ ಎಂದು ನಾವು ಮೂಗು ಮುರಿಯುತ್ತೇವೆ. ಹಾಗಿದ್ದರೂ ಬೆಳಗಿನ ಹಾಲಿನಿಂದ ಮೊದಲುಗೊಂಡು ರಾತ್ರಿಯ ಎಲೆಯಡಕೆಯವರೆಗೆ ನಮ್ಮ ಜೀವನವು ನಡೆಯುವುದು ಚಿಲ್ಲರೆಯಿಂದಲೇ. ವಿಚಿತ್ರವೇನೆಂದರೆ, ನಾವು ತಿರಸ್ಕರಿಸಿದ ಬಿಡಿಗಾಸನ್ನು ನಮ್ಮ ಭಾಷೆಯು ತಿರಸ್ಕರಿಸಿಲ್ಲ. ಸರಕಾರದವರು ಹಿಂತೆಗೆದುಕೊಂಡ ನಾಣ್ಯಗಳನ್ನೆಲ್ಲ ಅದು ಬೊಕ್ಕಸದಲ್ಲಿ ಇಟ್ಟುಕೊಂಡಂತೆ ಕಾಪಾಡಿಕೊಂಡು ಬಂದಿದೆ.

‘ಹಣ’ ಎಂಬುದು ಒಂದಾನೊಂದು ಕಾಲದಲ್ಲಿ ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣ ಚಿನ್ನದ ನಾಣ್ಯದ ಹೆಸರು. 1638ರಿಂದ 1659ರವರೆಗೆ ಮೈಸೂರನ್ನಾಳಿದ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಕಂಠೀರಾಯ ಹಣವು ಪ್ರಸಿದ್ಧವಾದುದು. ‘ದುಡ್ಡು’ ಎಂಬುದು ತಾಮ್ರದ ನಾಣ್ಯ. ಆ ಎರಡೂ ನಾಣ್ಯಗಳು ಹೋದವು. ಅವುಗಳ ಹೆಸರು ಮಾತ್ರ ಸಮಸ್ತ ಸಂಪತ್ತಿನ ಹೆಸರಾಗಿ ನಿಂತಿತು. ಶಾಸನಗಳಲ್ಲಿ ಕಾಣುವ ಹಾಗ, ವೀಸಗಳಲ್ಲಿ ಹಾಗವು ಹಣದ ಕಾಲು ಭಾಗ, ವೀಸವು ಹದಿನಾರನೆಯ ಒಂದು ಭಾಗ. ಕವಡೆಯು ಪೇಟೆಯನ್ನು ಬಿಟ್ಟು ಚೌಕಾಬಾರದ ಮನೆಗೆ ಸೇರಿ ಎಷ್ಟೋ ಕಾಲವಾಯಿತು. ಆದರೂ ಒಬ್ಬನ ಮಾತಿಗೆ ‘ಕವಡೆ ಕಿಮ್ಮತ್ತಿಲ್ಲ’ ಎನ್ನುವಾಗ ಅದು ಈಗಲೂ ಚಲಾವಣೆಯಲ್ಲಿದೆ. ಆಣೆಯು 1957ರಲ್ಲಿಯೇ ಕಾಯಿದೆಯ ಪುಸ್ತಕದಿಂದ ಹೊರಟುಹೋಯಿತು. ಸತ್ಯವು ಮಾತ್ರ ಇಂದಿಗೂ ಹದಿನಾರಾಣೆ. ‘ನಯಾಪೈಸೆ’ಯಿಂದ ‘ನಯಾ’ ಎಂಬ ವಿಶೇಷಣವನ್ನು 1964ರಲ್ಲಿ ತೆಗೆದುಹಾಕಿದರು. ಆದರೂ ಕೋಪ ಬಂದ ತಂದೆಯು ಮಗನಿಗೆ ‘ಒಂದು ನಯಾಪೈಸೆ ಕೊಡುವುದಿಲ್ಲ’ ಎಂದೇ ಗದರಿಸುವನು. ಆ ಮಗನು ನಯಾಪೈಸೆಯನ್ನು ಕಂಡವನೇ ಅಲ್ಲ.

1957ರ ಏಪ್ರಿಲ್ 1ರಂದು ನಡೆದ ಆ ಬದಲಾವಣೆಯ ವಿನೋದವನ್ನು ನಮ್ಮ ಹಿರಿಯರು ಹೇಳುತ್ತಿದ್ದುದುಂಟು. ಅದುವರೆಗೆ ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಅಂದಿನಿಂದ ರೂಪಾಯಿಗೆ 100 ನಯಾಪೈಸೆ. ಒಂದಾಣೆಗೆ ಲೆಕ್ಕಪ್ರಕಾರ ಆರೂಕಾಲು ನಯಾಪೈಸೆ ಬರಬೇಕು. ಆ ಕಾಲನ್ನು ಕೊಡುವುದೆಂತು? ಆದುದರಿಂದ ಅರ್ಧವಾಗಲಿ ಅದಕ್ಕೆ ಕಡಮೆಯಾಗಲಿ ಆದರೆ ಬಿಡುವುದು, ಅರ್ಧಕ್ಕೆ ಮಿಕ್ಕಿದರೆ ಪೂರ್ಣವೆಂದು ಹಿಡಿಯುವುದು ಎಂಬ ಪಟ್ಟಿ ಬಂದಿತು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25. ಈಗ ವಾಚಕರು ಗುಣಾಕಾರ ಮಾಡಿ ನೋಡಲಿ. ನಾಲ್ಕಾಣೆಯ ಸಾಮಾನನ್ನು ಒಟ್ಟಿಗೆ ಕೊಂಡರೆ 25 ನಯಾಪೈಸೆ. ಎರಡಾಣೆಯಂತೆ ಎರಡು ಬಾರಿ ಕೊಂಡರೆ 24. ಒಂದಾಣೆಯದನ್ನು ಹದಿನಾರು ಬಾರಿ ಕೊಂಡರೆ 96; ರೂಪಾಯಿಗೆ 4 ನಯಾಪೈಸೆ ಲಾಭ. ಮೂರಾಣೆಯದನ್ನು ಕೊಂಡವನಿಗೋ ಪ್ರತಿ ಬಾರಿಯೂ ಕಾಲು ನಯಾಪೈಸೆ ನಷ್ಟ. ಬಡವರ ಮನೆಯ ಗೃಹಿಣಿಯು ಮಗ್ಗಿಯ ಪುಸ್ತಕವಿಲ್ಲದೆ ಈ ಗುಟ್ಟನ್ನು ಕಂಡುಕೊಂಡು, ಒಂದೇ ಅಂಗಡಿಗೆ ಎರಡು ಸಲ ಮಗುವನ್ನು ಅಟ್ಟಿದ್ದರೆ ಅದನ್ನು ಜಿಪುಣತನವೆನ್ನಲು ನಮಗೆ ಬಾಯಿ ಬಾರದು. ಸಾಮ್ರಾಜ್ಯಗಳನ್ನು ಗೆದ್ದವರ ಕಥೆಯನ್ನು ಪಾಠಪುಸ್ತಕಗಳು ಹೇಳುತ್ತವೆ. ಒಂದು ನಯಾಪೈಸೆಯನ್ನು ಗೆದ್ದವಳ ಕಥೆಯನ್ನು ಹೇಳುವವರಿಲ್ಲ.

ನಾವು ಪಾಠಶಾಲೆಗೆ ಹೋಗುತ್ತಿದ್ದ ಕಾಲಕ್ಕೆ ಆಣೆಗಳು ಮಾತಿನಲ್ಲಿ ಮಾತ್ರ ಉಳಿದಿದ್ದವು. ಕೈಗೆ ಸಿಗುತ್ತಿದ್ದುದು ಅಲ್ಯೂಮಿನಿಯಮ್ಮಿನ ಹಗುರವಾದ ಪೈಸೆಗಳು. ಒಂದು ಪೈಸೆ ಚೌಕ; ಎರಡು ಪೈಸೆಗೆ ಹೂವಿನ ಎಸಳಿನಂತಹ ಅಂಚು; ಮೂರು ಪೈಸೆಗೆ ಆರು ಮೂಲೆ; ಐದು ಪೈಸೆ ಮತ್ತೆ ಚೌಕ; ಹತ್ತು ಪೈಸೆ ಮತ್ತೆ ಎಸಳು. ಒಂದು ಪೈಸೆಯನ್ನು ನೀರಿನ ಮೇಲೆ ಮೆಲ್ಲನೆ ಅಡ್ಡಲಾಗಿ ಇಟ್ಟರೆ ಅದು ತೇಲುತ್ತಿತ್ತು. ನಮ್ಮ ಪ್ರಕೃತಿವಿಜ್ಞಾನದ ಮೊದಲ ಪ್ರಯೋಗವು ಅದೇ ಆಗಿತ್ತೆಂದರೆ ಸಲ್ಲುವುದು. ಅಕ್ಷರವರಿಯದವರೂ ಕಣ್ಣಿಲ್ಲದವರೂ ಬೆರಳಿನಿಂದಲೇ ಬೆಲೆಯನ್ನು ತಿಳಿಯಲು ಆ ಆಕಾರಗಳು ನೆರವಾಗುತ್ತಿದ್ದವು. ನಮ್ಮ ಪಾಠಶಾಲೆಯ ಮುಂದೆ ಕಡಲೆಕಾಯಿ ಮಾರುತ್ತಿದ್ದ ಅಜ್ಜಿಗೆ ದೃಷ್ಟಿ ಬಹಳ ಮಂದವಾಗಿದ್ದಿತು. ಹುಡುಗರು ಎರಡು ಪೈಸೆಯನ್ನು ಕೊಟ್ಟು ಹತ್ತೆಂದು ಹೇಳಿದರೆ, ಆಕೆ ಹೆಬ್ಬೆರಳಿನಿಂದ ಒಮ್ಮೆ ಸವರಿ, ‘ನಿಮ್ಮಪ್ಪಂಗೆ ಹೇಳ್ತೀನಿ ತಡಿ’ ಎನ್ನುತ್ತಿದ್ದಳು. ಆಕೆಯನ್ನು ಮೋಸಗೊಳಿಸಲು ಯಾರಿಂದಲೂ ಆಗಲಿಲ್ಲ. 25 ಪೈಸೆಯೂ ಅದಕ್ಕೆ ಕೆಳಗಿನ ಎಲ್ಲಾ ನಾಣ್ಯಗಳೂ 2011ರ ಜೂನ್ 30ರಂದು ಚಲಾವಣೆಯಿಂದ ನಿಂತುಹೋದವು. ಅಂದು ನಮಗೆ ನೆನಪಾದುದು ಆ ಹೆಬ್ಬೆರಳು.

ವಾಚಕರ ಜೇಬಿನಲ್ಲಿ ಈಗ ಇರುವ ಹಣದಲ್ಲಿಯೂ ನೋಡತಕ್ಕ ಸ್ವಾರಸ್ಯಗಳು ಕಡಮೆಯಿಲ್ಲ. ನಾಣ್ಯದಲ್ಲಿ ಇಸವಿಯ ಕೆಳಗೆ ಕಣ್ಣಿಟ್ಟು ನೋಡಿದರೆ ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯದು, ವಜ್ರದ ಆಕಾರವಿದ್ದರೆ ಮುಂಬಯಿಯದು, ದುಂಡನೆಯ ಚುಕ್ಕೆಯಿದ್ದರೆ ನೋಯ್ಡಾದ್ದು. ಯಾವ ಗುರುತೂ ಇಲ್ಲದಿದ್ದರೆ ಕಲ್ಕತ್ತೆಯದು. ನೋಟಿನ ಹಿಂಬದಿಯಲ್ಲಿ ಹದಿನೈದು ಭಾಷೆಗಳ ಪಟ್ಟಿಯಿದೆ. ಅದರಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ನಮ್ಮ ಕನ್ನಡ. ಒಂದು ರೂಪಾಯಿಯ ನೋಟಿಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯಿಲ್ಲ. ಕೇಂದ್ರ ಸರಕಾರದ ಹಣಕಾಸು ಕಾರ್ಯದರ್ಶಿಗಳೇ ಸಹಿ ಮಾಡುವರು. ಸಾವಿರಾರು ಕೋಟಿಯ ಕಾಗದಗಳಿಗೆ ಸಹಿ ಮಾಡುವ ಕೈಯೇ ಎಲ್ಲಕ್ಕಿಂತ ಚಿಕ್ಕ ನೋಟಿಗೂ ಸಹಿ ಮಾಡಬೇಕೆಂಬ ನಿಯಮದಲ್ಲಿ ಒಂದು ಔಚಿತ್ಯವಿದೆಯೆಂದು ನಮಗೆ ತೋರುವುದು.

ಆದರೆ ಈ ಒಂದು ರೂಪಾಯಿಯ ವಿಷಯದಲ್ಲಿ ನಮ್ಮ ನಡವಳಿಕೆ ಮಾತ್ರ ಬಹು ವಿಪರೀತವಾದುದು. ಮದುವೆಯ ಮನೆಯಲ್ಲಿ ಮುಯ್ಯಿ ಮಾಡುವಾಗ 500 ರೂಪಾಯಿಯನ್ನು ಬರಿದೆ ಕೊಡಲು ನಮ್ಮ ಕೈ ಬಾರದು, 501 ಆಗಲೇಬೇಕು. ಆ ಒಂದು ರೂಪಾಯಿಯನ್ನು ಹೊರಗಡೆಯೇ ಅಂಟಿಸಿಟ್ಟಿರುವ ಲಕೋಟೆಗಳು ಅಂಗಡಿಯಲ್ಲಿ ಮಾರಾಟಕ್ಕಿವೆ. ದೇವರಿಗೆ ತಪ್ಪುಕಾಣಿಕೆ ಕಟ್ಟುವಾಗ ಒಂದು ರೂಪಾಯಿಯೇ ಅರಿಸಿನದ ಬಟ್ಟೆಯನ್ನು ಸೇರಿ ಪವಿತ್ರವಾಗುವುದು. ಅದೇ ರೂಪಾಯಿಯನ್ನು ಅಂಗಡಿಯವನು ಹಿಂದಿರುಗಿಸಬೇಕಾದಾಗ ಅವನು ಒಂದು ಪೆಪ್ಪರಮೆಂಟನ್ನು ಮುಂದಿಡುವನು. ನಾವೂ ಕೇಳುವುದಕ್ಕೆ ಸಂಕೋಚಪಟ್ಟು ಬಾಯಿಗೆ ಹಾಕಿಕೊಳ್ಳುವೆವು. ದೇವರ ಮುಂದೆ ಮರ್ಯಾದೆಯುಳ್ಳ ರೂಪಾಯಿಗೆ ಮನುಷ್ಯನ ಮುಂದೆ ಏಕೆ ಮರ್ಯಾದೆಯಿಲ್ಲವೋ ತಿಳಿಯದು.

ಬಸ್ಸಿನ ಕಥೆಯೂ ಇಂಥದೇ. ಚಿಲ್ಲರೆಗಾಗಿ ನಡೆಯುವ ವಾಗ್ಯುದ್ಧವಿಲ್ಲದೆ ಬಸ್ಸು ಚಲಿಸುವುದೇ ಇಲ್ಲವೆಂದು ನಾವು ನಂಬಿದ್ದೆವು. 2023ರ ಜೂನ್ 11ರಿಂದ ರಾಜ್ಯ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ನಮ್ಮ ರಾಜ್ಯದ ಸ್ತ್ರೀಯರಿಗೆ ಪ್ರಯಾಣವು ಉಚಿತವಾದಮೇಲೆ, ಅವರಿಗೆ ಕಂಡಕ್ಟರು ಶೂನ್ಯ ದರದ ಟಿಕೇಟನ್ನು ಕೊಡುವರು. ಬೆಲೆಯೇ ಇಲ್ಲದ ವಸ್ತುವಿಗೆ ರಸೀದಿ. ಹೀಗಾಗಿ ಬಸ್ಸಿನ ಅರ್ಧ ಭಾಗದಲ್ಲಿ ಚಿಲ್ಲರೆಯ ಜಗಳವು ತಾನಾಗಿಯೇ ತಣ್ಣಗಾಯಿತು. ಇಷ್ಟು ದೊಡ್ಡ ಯೋಜನೆಯ ಲಾಭನಷ್ಟಗಳನ್ನು ಕುರಿತು ಎಲ್ಲರೂ ಚರ್ಚಿಸಿದರು. ಈ ಸಣ್ಣ ಶಾಂತಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಂತಿಲ್ಲ.

2016ರಲ್ಲಿ ಆರಂಭವಾದ ಯು.ಪಿ.ಐ. ಎಂಬ ಪಾವತಿಯ ಕ್ರಮವು ಈ ವಿಷಯದಲ್ಲಿ ಮಹದುಪಕಾರವನ್ನು ಮಾಡಿದೆಯೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಸೊಪ್ಪಿನ ಕಟ್ಟಿಗೆ 17 ರೂಪಾಯಿಯಾದರೆ 17 ರೂಪಾಯಿಯನ್ನೇ ಕೊಡಬಹುದು. ಪೆಪ್ಪರಮೆಂಟಿಲ್ಲ, ‘ನಾಳೆ ನೋಡೋಣ’ ಎಂಬುದಿಲ್ಲ. ತಳ್ಳುಗಾಡಿಯ ಮೇಲೆ ಅಂಟಿಸಿದ ಚೌಕುಳಿಯ ಚಿತ್ರವೊಂದು ವ್ಯಾಪಾರಿ ಹಾಗೂ ಗಿರಾಕಿಯ ನಡುವಣ ಹಳೆಯ ವ್ಯಾಜ್ಯವನ್ನು ಇಷ್ಟು ಸುಲಭವಾಗಿ ಬಗೆಹರಿಸೀತೆಂದು ಯಾರು ಬಲ್ಲವರಾಗಿದ್ದರು? ಆದರೆ ಉಪಕಾರವು ಎಲ್ಲರಿಗೂ ಸಮನಾಗಿ ತಲುಪಿಲ್ಲ. ಫೋನಿಲ್ಲದವರು, ಇದ್ದರೂ ಅದರ ಅಕ್ಷರಗಳನ್ನು ಕಾಣಲಾರದ ವೃದ್ಧರು, ದಿನಗೂಲಿಯನ್ನು ಕೈಯಲ್ಲಿಯೇ ಪಡೆಯುವವರು ಇಂದಿಗೂ ನಾಣ್ಯದ ಲೋಕದಲ್ಲಿದ್ದಾರೆ. ಸ್ಥಿತಿವಂತರು ಆ ಲೋಕವನ್ನು ತೊರೆದುಹೋದಂತೆಲ್ಲ ಅಲ್ಲಿ ನಾಣ್ಯವನ್ನು ಬೇಡವೆನ್ನುವುದು ಸುಲಭವಾಗುತ್ತಿದೆ. ಚಿಲ್ಲರೆಯನ್ನು ಉಳಿಸಿಕೊಳ್ಳುವುದು ಇನ್ನೂ ಸುಲಭವಾಗುತ್ತಿದೆ.

ನಮ್ಮ ಅಭಿಪ್ರಾಯವು ಇಷ್ಟೆ. ದೊಡ್ಡ ಸಾಲಕ್ಕೆ ಪತ್ರವಿದೆ, ಸಾಕ್ಷಿಯಿದೆ, ವಕೀಲರಿದ್ದಾರೆ, ನ್ಯಾಯಸ್ಥಾನವಿದೆ. ಎರಡು ರೂಪಾಯಿಗೆ ಇವಾವುವೂ ಇಲ್ಲ. ಎರಡು ರೂಪಾಯಿಗಾಗಿ ದಾವೆ ಹೂಡುವವರನ್ನು ಲೋಕವು ನಗುವುದು. ಆದಕಾರಣ ಚಿಲ್ಲರೆಗೆ ಕಾವಲಾಗಿರುವುದು ಕೊಡಬೇಕಾದವನ ಮನಸ್ಸಾಕ್ಷಿಯೊಂದೇ. ಒಬ್ಬ ಮನುಷ್ಯನು, ಒಂದು ಅಂಗಡಿಯು, ಒಂದು ಕಚೇರಿಯು ಪ್ರಾಮಾಣಿಕವೋ ಅಲ್ಲವೋ ಎಂಬುದನ್ನು ತಿಳಿಯಬೇಕಾದರೆ ಲಕ್ಷಗಳ ಲೆಕ್ಕವನ್ನು ನೋಡಬೇಕಾದುದಿಲ್ಲ; ಅದನ್ನು ಲೆಕ್ಕ ಪರಿಶೋಧಕರು ನೋಡಿಕೊಳ್ಳುವರು. ಯಾರೂ ಕೇಳದ ಎರಡು ರೂಪಾಯಿಯನ್ನು ಅವರು ಏನು ಮಾಡಿದರೆಂಬುದನ್ನು ನೋಡಿದರೆ ಸಾಕು.

‘ಚಿಲ್ಲರೆ ಬಿಡಿ’ ಎಂಬ ಮಾತು ಯಾರ ಬಾಯಿಂದ ಬರುವುದೆಂಬುದೂ ವಿಚಾರಾರ್ಹವಾದುದು. ಉಳ್ಳವನು ತನಗೆ ಬರಬೇಕಾದುದನ್ನು ಇಲ್ಲದವನಿಗೆ ಬಿಟ್ಟರೆ ಅದು ಔದಾರ್ಯ. ಇಲ್ಲದವನಿಗೆ ಕೊಡಬೇಕಾದುದನ್ನು ಉಳ್ಳವನು ಬಿಡಿಸಿಕೊಂಡರೆ ಅದಕ್ಕೆ ಬೇರೊಂದು ಹೆಸರಿದೆ. ಮೊತ್ತವು ಸಣ್ಣದೆಂದ ಮಾತ್ರಕ್ಕೆ ಆ ಹೆಸರು ಬದಲಾಗಲಾರದು. ನಾವೂ ನಮ್ಮ ಗುಮಾಸ್ತರೂ ಆ ಬೆಳಗ್ಗೆ ಯಾವ ದುರುದ್ದೇಶವನ್ನೂ ಇಟ್ಟುಕೊಂಡಿರಲಿಲ್ಲ. ಆದರೆ ‘ನಾಳೆ ನೋಡೋಣ’ ಎಂದಾಗ ಆ ನಾಳೆಯನ್ನು ಮರೆತುಬಿಡುವ ಅಧಿಕಾರವು ನಮ್ಮ ಕೈಯಲ್ಲಿದ್ದಿತು. ಆ ವೃದ್ಧರು ‘ಬರ್ಕೊಡಿ’ ಎಂದುದು ಆ ಅಧಿಕಾರವನ್ನು ಕಿತ್ತುಕೊಳ್ಳುವುದಕ್ಕೆ.

ಮುಂದಿನ ಸಂಗತಿಯನ್ನೂ ಹೇಳಿ ಮುಗಿಸುತ್ತೇವೆ. ಆ 43 ನಾಣ್ಯಗಳನ್ನು ನಾವು ಬ್ಯಾಂಕಿಗೆ ಕಟ್ಟಲಿಲ್ಲ. ಕಾರ್ಯಾಲಯದ ಸಿಬ್ಬಂದಿಯವರೆಲ್ಲರೂ ಹಂಚಿಕೊಂಡು, ಊರಿನಲ್ಲಿ ಖರ್ಚು ಮಾಡಬೇಕೆಂದು ಗೊತ್ತುಮಾಡಿಕೊಂಡೆವು. ಕಾಫಿಯ ಹೋಟೆಲಿನ ಗಲ್ಲಾದಲ್ಲಿ ಕುಳಿತವರು ಬಿಲ್ಲೆಯನ್ನು ನೋಡಿ ತಲೆಯಾಡಿಸಿದರು. ನಾವು ಕಾಯಿದೆಯನ್ನು ಹೇಳಿದೆವು. ಅವರು ಗಿರಾಕಿಗಳು ಒಲ್ಲರೆಂದರು. “ನಾಳೆ ನನಗೇ ಕೊಡಿ, ನಾನು ತೆಗೆದುಕೊಳ್ಳುತ್ತೇನೆ” ಎಂದಮೇಲೆ ಪೆಟ್ಟಿಗೆಗೆ ಹಾಕಿಕೊಂಡರು. ಮರುದಿನ ನಿಜವಾಗಿಯೂ ನಮಗೇ ಕೊಟ್ಟರು. ಹೀಗೆ ಅದೇ ನಾಣ್ಯವು ನಾಲ್ಕು ದಿನ ನಮ್ಮಿಬ್ಬರ ನಡುವೆ ಓಡಾಡಿತು. ಐದನೆಯ ದಿನ ಕೇಳಿದಾಗ, “ಬೇರೊಬ್ಬರು ತಕೊಂಡು ಹೋದರು” ಎಂದರು. ಇದನ್ನು ವಿಜಯವೆಂದು ಕರೆಯಲು ಇತಿಹಾಸಕಾರರು ಒಪ್ಪಲಾರರು. ನಮ್ಮ ಕಾರ್ಯಾಲಯದಲ್ಲಿ ಮಾತ್ರ ಅಂದು ಕಾಫಿಯು ಸ್ವಲ್ಪ ಹೆಚ್ಚು ರುಚಿಯಾಗಿದ್ದಿತು. ನಮ್ಮ ಲೆಕ್ಕದ ಮೇಜಿನ ಮುಂದೆ ಈಗ ‘ಚಲಾವಣೆಯಲ್ಲಿರುವ ಎಲ್ಲಾ ನಾಣ್ಯಗಳನ್ನೂ ತೆಗೆದುಕೊಳ್ಳಲಾಗುವುದು’ ಎಂಬ ಹಲಗೆಯೊಂದು ತೂಗುತ್ತಿದೆ. ಊರಿನ ವರ್ತಕ ಮಹನೀಯರೂ ತಮ್ಮ ತಮ್ಮ ಅಂಗಡಿಗಳಲ್ಲಿ ಇಂತಹದೊಂದನ್ನು ತೂಗುಹಾಕಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.

ಇನ್ನು ಆ ಎರಡು ರೂಪಾಯಿ. ಮರುದಿನ ಬೆಳಗ್ಗೆ ಕಾಗದದ ಕಟ್ಟುಗಳು ಇಳಿಯುವ ಹೊತ್ತಿಗೆ ವೃದ್ಧರು ಬಂದರು. ಜೇಬಿನಿಂದ ನಾಲ್ಕು ಮಡಿಕೆಯ ರಸೀದಿಯನ್ನು ತೆಗೆದು ಬಿಡಿಸಿ ಮೇಜಿನ ಮೇಲಿಟ್ಟರು. ಗುಮಾಸ್ತರು ಎರಡು ರೂಪಾಯಿಯ ನಾಣ್ಯವೊಂದನ್ನು ಕೊಟ್ಟರು. ವೃದ್ಧರು ಅದನ್ನು ತಿರುಗಿಸಿ ನೋಡಿ ಜೇಬಿಗೆ ಹಾಕಿಕೊಂಡು, ರಸೀದಿಯ ಬೆನ್ನಿನ ಮೇಲೆ ನಾವು ಬರೆದಿದ್ದ ಸಾಲಿನ ಕಡೆಗೆ ಬೆರಳು ತೋರಿಸಿ, “ಹೊಡೆದಾಕಿ ಸ್ವಾಮಿ, ಲೆಕ್ಕ ಲೆಕ್ಕಾನೇ” ಎಂದರು. ನಾವು ಆ ಸಾಲಿಗೆ ಗೀಟು ಎಳೆದೆವು. ಅವರು ಕಟ್ಟನ್ನು ಹೆಗಲಿಗೇರಿಸಿಕೊಂಡು ಬಸ್ ನಿಲ್ದಾಣದ ಕಡೆಗೆ ಹೊರಟರು.